ಅಳಿವೆಯಿಂದ ಅಳಿವೆಗೆ ನಮ್ಮನ್ನು ದಾಟಿಸಿದವರಿಗೆ

ಗೋಕರ್ಣದ ಓಂ ಕಡಲತೀರದಿಂದ ಹೊರಟ ನಮ್ಮ ಮೂರು ಕಯಾಕ್‌ಗಳು ಕಳೆದ ಭಾನುವಾರ ಮಧ್ಯಾಹ್ನ ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲುವಿನ ಮರಳನ್ನು ಮುಟ್ಟಿದವು. ಸುಮಾರು 180 ಕಿಲೋಮೀಟರ್ ದೂರವನ್ನು ಹುಟ್ಟು ಹಾಕಿಕೊಂಡೇ ಕ್ರಮಿಸಲು ನಮಗೆ ಹತ್ತು ದಿನ ಹಿಡಿಯಿತು. ಅಂದಿನಿಂದ ಬರುತ್ತಿರುವ ಅಭಿನಂದನೆಗಳಿಗೆಲ್ಲ ನಾವು ಋಣಿಗಳು. ಆದರೆ ಅವುಗಳಲ್ಲಿ ಹೆಚ್ಚಿನವು ಇದನ್ನು ಮೂವರ ಸಾಹಸವೆಂದು ಕರೆದಿವೆ. ಆದ್ದರಿಂದ ಈ ಯಾನ ಯಾರ ತಿಳಿವಳಿಕೆಯನ್ನು ನಂಬಿ ನಡೆಯಿತು ಎಂಬುದನ್ನು ಬರೆದು ತಿಳಿಸುವುದು ನನ್ನ ಕರ್ತವ್ಯ.

ಮೊದಲ ನಮಸ್ಕಾರ ತದಡಿಯ ಹಿರಿಯ ಮೀನುಗಾರರೊಬ್ಬರಿಗೆ. ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿದ್ದಾರೆ. ರಜೆಯ ಲೆಕ್ಕ ನೋಡಿಕೊಂಡು ನಾವು ಅಮಾವಾಸ್ಯೆಯ ಮರುದಿನವೇ ಹೊರಡುವುದೆಂದು ನಿಶ್ಚಯಿಸಿದ್ದೆವು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ಜೋರಾಗಿರುತ್ತವೆ, ಅಷ್ಟಮಿ ನವಮಿಗಳ ಹೊತ್ತಿಗೆ ನೀರಿನ ಸೆಳೆತ ತಗ್ಗುತ್ತದೆ ಎಂದು ವಿವರಿಸಿ, ಪಂಚಮಿಗೆ ಹೊರಟು ಹುಣ್ಣಿಮೆಗೆ ಮುಂಚೆ ಮುಗಿಸುವಂತೆ ದಿನ ಗೊತ್ತುಮಾಡಿಕೊಟ್ಟವರು ಅವರು. ಚಳಿಗಾಲದಲ್ಲಿ ನಸುಕಿನ ಗಾಳಿ ನೆಲದ ಕಡೆಯಿಂದ ಬೀಸಿ, ಬಿಸಿಲೇರಿದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುವುದರಿಂದ, ಉತ್ತರದಿಂದ ದಕ್ಷಿಣಕ್ಕೆ ಹೋಗುವವರಿಗೆ ಗಾಳಿ ಬೆನ್ನಿಗಿರುತ್ತದೆ ಎಂದೂ ಅವರೇ ಹೇಳಿದರು. ಗೋಕರ್ಣದಿಂದ ಕುಮಟಾದವರೆಗೆ ಗುಡ್ಡಗಳು ಅಲ್ಲಲ್ಲಿ ನೇರವಾಗಿ ಕಡಲಿಗೇ ಇಳಿದಿವೆ. ಅಲ್ಲಿ ಬಂಡೆಗೆ ಬಡಿದು ಹಿಂದಿರುಗುವ ಅಲೆಯೂ ಹೊರಗಿನಿಂದ ಬರುವ ಅಲೆಯೂ ಒಂದಕ್ಕೊಂದು ಡಿಕ್ಕಿ ಹೊಡೆದು ನೀರು ಕುದಿಯುವಂತೆ ಏಳುತ್ತದೆ. ನೋಟ ಚೆನ್ನಾಗಿದೆಯೆಂದು ಬಂಡೆಯ ಹತ್ತಿರ ಸರಿಯಬಾರದೆಂಬ ಅವರ ಮಾತನ್ನು ಮೊದಲ ದಿನ ಅಕ್ಷರಶಃ ಪಾಲಿಸಿದೆವು.

ಎರಡನೆಯ ದಿನ ನಾನು ಪಾಲಿಸಲಿಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯನ್ನು ಸಾಕಷ್ಟು ಹೊರಗಿನಿಂದ ಬಳಸಿಕೊಂಡು ಹೋಗಿ, ಆಚೆಗಿನ ಕಾಸರಕೋಡಿನಲ್ಲಿ ದಡ ಹತ್ತಬೇಕೆಂದು ನಮಗೆ ತಿಳಿಸಲಾಗಿತ್ತು. ದಣಿದಿದ್ದ ನಾನು ದಾರಿ ಉಳಿಸಲು ಒಳಗಿನಿಂದಲೇ ಅಡ್ಡ ಹಾಯಲು ಹೊರಟೆ. ಅದು ಇಳಿತದ ಹೊತ್ತು. ಹೊಳೆಯ ನೀರು ರಭಸದಿಂದ ಹೊರಗೆ ಹರಿಯುತ್ತಿತ್ತು, ಅದಕ್ಕೆ ಎದುರಾಗಿ ಬರುತ್ತಿದ್ದ ಅಲೆಗಳು ಮರಳದಿಬ್ಬದ ಮೇಲೆ ಕಡಿದಾಗಿ ಎದ್ದು ಮುರಿಯುತ್ತಿದ್ದವು. ಮಗ್ಗುಲಿನಿಂದ ಬಂದ ಒಂದು ಅಲೆ ಕಯಾಕನ್ನು ಮಗುಚಿತು. ಹುಟ್ಟು ಕೈಬಿಡಲಿಲ್ಲ, ಆದರೆ ಅದನ್ನು ಹಿಡಿದಿದ್ದ ಬಲಭುಜ ಉಳುಕಿತು. ಜೊತೆಯವರು ನನ್ನ ಹತ್ತಿರ ಬರಲು ಮಾಡಿದ ಪ್ರಯತ್ನವೆಲ್ಲ ಆ ಸೆಳೆತದಲ್ಲಿ ವ್ಯರ್ಥವಾಯಿತು. ಬಲೆ ಎಳೆದುಕೊಂಡು ಮರಳುತ್ತಿದ್ದ ನಾಡದೋಣಿಯ ಇಬ್ಬರು, ಅಂದಿನ ಮೀನನ್ನೂ ತಮ್ಮ ಹೊತ್ತನ್ನೂ ಲೆಕ್ಕಿಸದೆ ದೋಣಿ ತಿರುಗಿಸಿದರು. ನೇರವಾಗಿ ನನ್ನ ಕಡೆಗೆ ಬಾರದೆ, ಸೆಳೆತ ನನ್ನನ್ನು ಎಲ್ಲಿಗೆ ತಂದು ಬಿಡುವುದೋ ಅಲ್ಲಿಗೆ ಹೋಗಿ ಕಾದರು. ಆ ಜಾಗ ಅವರಿಗೆ ಹೇಗೆ ಗೊತ್ತಾಯಿತೆಂದು ದಡದಲ್ಲಿ ಕೇಳಿದಾಗ, ದಿನಾ ನೋಡುವ ನೀರಲ್ಲವೇ ಎಂದಷ್ಟೇ ಹೇಳಿದರು. ನಾನು ಇಂದು ಇದನ್ನು ಬರೆಯುತ್ತಿರುವುದು ಅವರಿಬ್ಬರಿಂದ.

ಅವರಲ್ಲೊಬ್ಬರ ಮನೆಯಲ್ಲಿ ಒಂದಿಡೀ ದಿನ ಉಳಿದೆವು. ಅವರ ತಾಯಿ ಎರಡು ಹೊತ್ತೂ ಭುಜಕ್ಕೆ ಬಿಸಿನೀರಿನ ಶಾಖ ಕೊಟ್ಟರು, ಗಂಜಿಯನ್ನೂ ಬಂಗುಡೆ ಸಾರನ್ನೂ ಎದುರಿಗೆ ಕುಳಿತು ಬಡಿಸಿದರು. ನನ್ನನ್ನು ಒಂದು ಮಾತೂ ಆಡಿಕೊಳ್ಳಲಿಲ್ಲ. ಹೊರಡುವಾಗ ಮಾತ್ರ, "ಇಳಿತದ ಹೊತ್ತಿಗೆ ಅಳಿವೆ ಬಾಯಿಗೆ ಹೋಗಬೇಡ ತಂಗಿ" ಎಂದು ಎರಡು ಸಲ ಹೇಳಿದರು. ಮಗ ಅಷ್ಟರಲ್ಲಿ ಭಟ್ಕಳದ ತಮ್ಮ ನೆಂಟರಿಗೆ ಫೋನ್ ಮಾಡಿ, ಕೆಂಪು ಬಣ್ಣದ ಮೂರು ಸಣ್ಣ ದೋಣಿಗಳು ಬರುತ್ತಿವೆ, ಸ್ವಲ್ಪ ನೋಡಿಕೊಳ್ಳಿ ಎಂದು ತಿಳಿಸಿದ್ದರು.

ಮುಂದಿನ ಹಾದಿಯೆಲ್ಲ ಹೀಗೆಯೇ ಸಾಗಿತು. ಮುರುಡೇಶ್ವರದ ಗೋಪುರ ಬಹುದೂರದಿಂದಲೇ ಕಂಡು ದಿಕ್ಕು ತೋರಿತು. ಭಟ್ಕಳದವರು ಬೈಂದೂರಿನವರಿಗೆ, ಬೈಂದೂರಿನವರು ಗಂಗೊಳ್ಳಿಯವರಿಗೆ ನಮ್ಮನ್ನು ಒಪ್ಪಿಸಿದರು. ಐದು ನದಿಗಳು ಕೂಡಿ ಕಡಲಿಗೆ ಬೀಳುವ ಗಂಗೊಳ್ಳಿಯಲ್ಲಿ, ದೋಣಿಯೊಂದು ಮುಂದೆ ನಿಂತು ಉಬ್ಬರ ತುಂಬುವವರೆಗೆ ನಮ್ಮನ್ನು ಒಂದೂವರೆ ಗಂಟೆ ತಡೆದಿಟ್ಟು, ನೀರು ನಿಂತ ಮೇಲೆಯೇ ದಾಟಿಸಿತು. ಸೀತಾ, ಸ್ವರ್ಣಾ ನದಿಗಳು ಸೇರುವ ಕೋಡಿ ಬೆಂಗ್ರೆಯಲ್ಲಿ ದಡದ ಮೇಲೆ ನಿಂತ ಅಜ್ಜಿಯೊಬ್ಬರು ಸೆರಗು ಬೀಸಿ ಆಳವಿರುವ ಕಡೆಯನ್ನು ತೋರಿಸಿದರು. ಕರಾವಳಿಯ ನೀರು ಎಲ್ಲ ಕಡೆ ಒಂದೇ ಎಂದು ನಕ್ಷೆ ನೋಡಿ ನಂಬಿದ್ದ ನಮಗೆ, ಪ್ರತಿ ಅಳಿವೆಗೂ ಬೇರೆ ಬೇರೆ ಗುಣವಿದೆ, ಮಳೆಗಾಲ ಕಳೆದ ಮೇಲೆ ಅದರ ಮರಳು ಮತ್ತೆ ಬೇರೆಯಾಗಿರುತ್ತದೆ ಎಂಬುದು ಇವರಿಂದ ತಿಳಿಯಿತು.

ಪ್ರತಿ ಸಂಜೆ ನಾವು ದಡ ಸೇರಿದ ಸುದ್ದಿಗಾಗಿ ಕಾದು ಕೇಳುತ್ತಿದ್ದ ಕರಾವಳಿ ಕಾವಲು ಪೊಲೀಸ್ ಸಿಬ್ಬಂದಿಗೆ, ಮಲ್ಪೆಯ ಹೊರಗೆ ನಮ್ಮನ್ನು ಕಂಡು ವೇಗ ತಗ್ಗಿಸಿದ ಟ್ರಾಲ್ ಬೋಟಿನವರಿಗೆ, ಕಾಪುವಿನ ದೀಪಸ್ತಂಭದ ಕೆಳಗೆ ಎಳನೀರು ಹಿಡಿದು ಕಾದಿದ್ದ ಅಪರಿಚಿತ ಹುಡುಗರಿಗೆ ವಂದನೆಗಳು. ನನ್ನ ಭುಜದ ನೋವಿಗಾಗಿ ತಮ್ಮ ವೇಗವನ್ನು ಏಳು ದಿನ ಕಡಿಮೆ ಮಾಡಿಕೊಂಡ ಇಬ್ಬರು ಜೊತೆಗಾರರಿಗೆ ನಾನು ಹೇಳಬೇಕಾದುದನ್ನು ಎದುರಿಗೇ ಹೇಳಿದ್ದೇನೆ.

ದಾರಿಯುದ್ದಕ್ಕೂ ಹಿರಿಯರು ಹೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಯಾವ ಅಳಿವೆಯನ್ನು ಯಾವ ಹೊತ್ತಿಗೆ, ಎಷ್ಟು ಹೊರಗಿನಿಂದ ದಾಟಬೇಕೆಂಬುದು ಅದರಲ್ಲಿದೆ. ಅದು ನನ್ನದಲ್ಲ. ಯುಗಾದಿಗೆ ಮುಂಚೆ ತದಡಿಯಿಂದ ತೊಡಗಿ ಅದೇ ಊರುಗಳಿಗೆ ಬಸ್ಸಿನಲ್ಲಿ ಬಂದು ಓದಿ ಹೇಳುತ್ತೇನೆ. ತಪ್ಪಿದ್ದಲ್ಲಿ ತಿದ್ದಿಕೊಡಬೇಕೆಂದೂ ನೀವು ಒಪ್ಪಿದ ಮೇಲೆಯೇ ಇನ್ನೊಬ್ಬರಿಗೆ ತೋರಿಸುತ್ತೇನೆಂದೂ ಕಾಸರಕೋಡಿನ ಆ ತಾಯಿಗೆ, ನಿಮ್ಮೆಲ್ಲರಿಗೆ ವಿನಯದಿಂದ ತಿಳಿಸುತ್ತೇನೆ.