ಮುಟ್ಟಿ ಓದುವ ಪುಸ್ತಕಕ್ಕೆ ಗಾಜಿನ ಪೆಟ್ಟಿಗೆಯೇಕೆ?

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಬಂದರೆ ಕ್ಯಾಮೆರಾಗಳ ಗುಣಗಾನವೇ ನಡೆಯುತ್ತದೆ. ಕೈಯಿಂದ ಕಟ್ಟಿದ ಚಿತ್ರಪುಸ್ತಕಗಳನ್ನು ನೆನೆಯುವವರು ಕಡಿಮೆ. ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ 1843ರಿಂದಲೇ ಕಡಲಪಾಚಿಗಳ ನೀಲಿ ಅಚ್ಚುಗಳನ್ನು ಬಿಸಿಲಿನಲ್ಲಿ ಮೂಡಿಸಿ, ಕ್ಯಾಮೆರಾ ಇಲ್ಲದೆಯೇ ಕಂತುಕಂತಾಗಿ ಪುಸ್ತಕ ಹೊರತಂದಿದ್ದರು.

ಕಳೆದ ವರ್ಷ ಕುದಿಯುವ ಸಾರು ಚೆಲ್ಲಿ ನನ್ನ ಎಡಗೈ ಸುಟ್ಟಿತು. ಗಾಯ ನೋಡಲು ಹೆದರುತ್ತಿದ್ದ ನಾನು, ಮಗಳು ದಿನಕ್ಕೊಂದರಂತೆ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಮುದ್ರಿಸಿ, ಬೀಸಣಿಗೆಯಂತೆ ಮಡಿಸಿದ ಹಾಳೆಗೆ ಅಂಟಿಸಿ ಪುಟ್ಟ ಪುಸ್ತಕ ಮಾಡಿದೆ. ಮೊದಲು ಬೊಬ್ಬೆ, ಬಳಿಕ ಬ್ಯಾಂಡೇಜ್, ಕೊನೆಗೆ ಗುಲಾಬಿ ಬಣ್ಣದ ಎಳೆ ಚರ್ಮ. ಪೂರ್ತಿ ಬಿಡಿಸಿದರೆ ಸುಟ್ಟಿದ್ದೂ ಮಾಗಿದ್ದೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಮಡಚಿದರೆ ಅಂಗೈಯಲ್ಲಿ ಅಡಗುತ್ತದೆ. ರಟ್ಟಿನ ಹೊಲಿಗೆಗೆ ಕೆಂಪು ದಾರ ಬಳಸಿದ್ದು ಬೇಕೆಂದೇ. (ಸೂಜಿ ಚುಚ್ಚಿಕೊಂಡದ್ದು ಬೇಕೆಂದಲ್ಲ.)

ಈಚೆಗೆ ನೋಡಿದ ಪ್ರದರ್ಶನವೊಂದರಲ್ಲಿ ಇಂಥ ಪುಸ್ತಕಗಳೆಲ್ಲ ಗಾಜಿನ ಪೆಟ್ಟಿಗೆಯೊಳಗಿದ್ದವು. ಮೇಲೆ ‘ಮುಟ್ಟಬೇಡಿ’ ಫಲಕ. ತೆರೆದಿಟ್ಟ ಒಂದು ಪುಟ ಬಿಟ್ಟರೆ ಉಳಿದದ್ದೆಲ್ಲ ಊಹೆಗೆ! ಮೂಲ ಪ್ರತಿ ಜೋಪಾನವಾಗಿರಲಿ, ತಕರಾರಿಲ್ಲ. ಪಕ್ಕದಲ್ಲಿ ಕೈಗೆ ಸಿಗುವಂತೆ ಒಂದು ನಕಲು ಪ್ರತಿಯನ್ನಾದರೂ ಇಡಬಾರದೇ?

– ಓದುಗರೊಬ್ಬರು, ಮೈಸೂರು