ಗಣಿಗೆ ಇಳಿದವರೇ ಗಣಿ ತೋರಿಸಲಿ

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಮುಚ್ಚಿದ ಚಿನ್ನದ ಗಣಿಯನ್ನು ಪ್ರವಾಸಿ ತಾಣ ಮಾಡಬೇಕೆಂಬ ಮಾತು ನಮ್ಮ ಜಿಲ್ಲೆಯಲ್ಲಿ ಆಗಾಗ ಏಳುತ್ತದೆ, ಅಷ್ಟೇ ಬೇಗ ಅಡಗುತ್ತದೆ. ಪ್ರತಿ ಸಲವೂ ಅದು ಸಿಕ್ಕಿಬೀಳುವುದು ಒಂದೇ ಕಡೆ: ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುವ ಬಾವಿಯಂಥ ಶಾಫ್ಟ್‌ಗಳಲ್ಲಿ ನೀರು ತುಂಬಿದೆಯಲ್ಲ, ಅದನ್ನು ಹೊರಹಾಕುವವರು ಯಾರು? ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಮೊಮ್ಮಕ್ಕಳ ಜೊತೆ ಬ್ಯಾಲರಾಟ್‌ನ ಸಾವರಿನ್ ಹಿಲ್ ಎಂಬ ಬಯಲು ವಸ್ತುಸಂಗ್ರಹಾಲಯ ನೋಡಿಬಂದೆ. ನೀರಿನ ಪ್ರಶ್ನೆಯನ್ನು ಸದ್ಯ ಬದಿಗಿಟ್ಟರೂ ಕೆಲಸ ಆರಂಭಿಸಬಹುದು ಎಂದು ಅಲ್ಲಿ ಮನವರಿಕೆಯಾಯಿತು.

ಬ್ಯಾಲರಾಟ್‌ನಲ್ಲಿ ಚಿನ್ನ ಸಿಕ್ಕಿದ್ದು 1851ರಲ್ಲಿ. ಹಳೆಯ ಗಣಿ ನೆಲದ ಗುಡ್ಡದ ಮೇಲೆ ಆ ಕಾಲದ ಪೇಟೆಯನ್ನೇ ಮತ್ತೆ ಕಟ್ಟಿ 1970ರಲ್ಲಿ ಜನರಿಗೆ ತೆರೆದಿದ್ದಾರೆ. ಮಕ್ಕಳು ತೊರೆಯಲ್ಲಿ ನಿಂತು ತಟ್ಟೆಯಲ್ಲಿ ಮರಳು ಜಾಲಿಸುತ್ತಾರೆ. ತಳದಲ್ಲಿ ಉಳಿಯುವ ಚಿನ್ನದ ಚೂರು ಅವರದ್ದೇ. ಕುಲುಮೆಯಲ್ಲಿ ಚಿನ್ನ ಕರಗಿಸಿ ಅಚ್ಚಿಗೆ ಸುರಿದು ತೋರಿಸುತ್ತಾರೆ. ನೆಲದಡಿಯ ಸುರಂಗ ಅಂಥ ಆಳದ್ದೇನಲ್ಲ, ಬಹುಪಾಲು ನೋಡುಗರಿಗೆಂದೇ ಸಿದ್ಧಪಡಿಸಿದ್ದು. ಆದರೆ 1882ರಲ್ಲಿ ಪಕ್ಕದ ಕ್ರೆಸ್ವಿಕ್‌ನ ಗಣಿಗೆ ನೀರು ನುಗ್ಗಿ 22 ಮಂದಿ ಸತ್ತ ಕಥೆಯನ್ನು ಆ ಕತ್ತಲಲ್ಲಿ ಕೇಳುವಾಗ ಆಳದ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಗಣಿ ಪರವಾನಗಿ ಶುಲ್ಕದ ವಿರುದ್ಧ 1854ರ ಡಿಸೆಂಬರ್ 3ರಂದು ಅಲ್ಲಿನ ಯುರೇಕಾದಲ್ಲಿ ನಡೆದ ಗಣಿಗಾರರ ದಂಗೆಯನ್ನು, ಚೀನೀ ಕಾರ್ಮಿಕರ ಮೇಲೆ ಮಾತ್ರ ಹೇರಿದ್ದ ಹತ್ತು ಪೌಂಡ್ ತೆರಿಗೆಯನ್ನು ಆ ಊರು ಮರೆತಿಲ್ಲ.

ಹೇಳಲು ನಮ್ಮಲ್ಲಿ ಇದಕ್ಕಿಂತ ಕಡಿಮೆ ಏನಿದೆ? ಬ್ರಿಟನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಂದಿನಿಂದ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ತನಕ ಸುಮಾರು 800 ಟನ್ ಚಿನ್ನ ಇಲ್ಲಿಂದ ಹೋಗಿದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ. 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಕಣದ ಜಾಡು ಹಿಡಿದದ್ದು ಇಲ್ಲಿನ ಚಾಂಪಿಯನ್ ರೀಫ್‌ನ ಒಡಲಲ್ಲಿ. ಯುರೇಕಾದ ಪರವಾನಗಿ ಜಗಳದ ಬಗ್ಗೆ ಕೇಳುವಾಗ ನನಗೆ ನೆನಪಾದದ್ದು 1930ರ ಮುಷ್ಕರ. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮವನ್ನು ಧಿಕ್ಕರಿಸಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದಿದ್ದ ದಲಿತ ಕಾರ್ಮಿಕರು ಕೆಲಸ ನಿಲ್ಲಿಸಿ ಕೂತಿದ್ದರು. ನಾನು ತರಗತಿಯಲ್ಲಿ ಪಾಠ ಮಾಡಿದ ಯಾವ ಪಠ್ಯಪುಸ್ತಕದಲ್ಲೂ ಈ ಮುಷ್ಕರ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಬ್ಯಾಲರಾಟ್‌ನಲ್ಲಿ ವೇಷ ತೊಟ್ಟವರು ಕಥೆ ಹೇಳುತ್ತಾರೆ, ಏಕೆಂದರೆ ಅಗೆದವರು ಯಾವತ್ತೋ ತೀರಿಕೊಂಡಿದ್ದಾರೆ. ನಮ್ಮಲ್ಲಿ ಕೇಜ್ (ಗಣಿಗೆ ಇಳಿಸುವ ಲಿಫ್ಟ್) ಹತ್ತಿ ಇಳಿದವರು ಇನ್ನೂ ಇದ್ದಾರೆ. ಆಳದಲ್ಲಿ ಬಂಡೆಯೇ ಸುಡುವಾಗ ಎಂಟು ಗಂಟೆಯ ಶಿಫ್ಟ್ ಮುಗಿಸುವುದೆಂದರೇನು, ಒತ್ತಡಕ್ಕೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗ ಮೇಲೆ ಮನೆಯ ಪಾತ್ರೆಗಳು ಹೇಗೆ ಅಲುಗುತ್ತಿದ್ದವು, ಸುದ್ದಿಗಾಗಿ ಹೆಂಗಸರು ಶಾಫ್ಟ್ ಬಳಿ ಹೇಗೆ ಕಾಯುತ್ತಿದ್ದರು ಎಂಬುದನ್ನು ಅವರಷ್ಟು ಬಲ್ಲ ಗೈಡ್ ಇನ್ನೆಲ್ಲಿ ಸಿಗುತ್ತಾರೆ? ಗಣಿ ಮುಚ್ಚಿದಾಗ ನಲವತ್ತರಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ಕಲ್ಲಿನ ದೂಳು ಕುಡಿದ ಶ್ವಾಸಕೋಶ ಅನೇಕರದು. ನಾವು ಇನ್ನೂ ಹತ್ತು ವರ್ಷ ಚರ್ಚೆಯಲ್ಲೇ ಕಳೆದರೆ ಕೊನೆಗೆ ನಾವೂ ವೇಷಧಾರಿಗಳನ್ನೇ ಹುಡುಕಬೇಕಾಗುತ್ತದೆ.

ಆದ್ದರಿಂದ ಆಳದ ಸುರಂಗ ಕಾಯಲಿ. ಶಾಫ್ಟ್‌ನ ಮೇಲಿನ ಉಕ್ಕಿನ ಗೋಪುರ, ಕೇಜ್ ಎಳೆಯುತ್ತಿದ್ದ ಯಂತ್ರದ ಮನೆ, ಕಾರ್ಮಿಕರ ಲೈನಿನ (ಸಾಲು ಮನೆಗಳ ಕಾಲೊನಿಯ) ಒಂದೆರಡು ಖಾಲಿ ಮನೆ ಇಷ್ಟನ್ನು ಭದ್ರಪಡಿಸಿ, ಅದಿರು ಅರೆಯುವ ಬಗೆ ತೋರಿಸುವ ಮಾದರಿಯೊಂದನ್ನು ಇಟ್ಟರೆ ಶಾಲಾ ಮಕ್ಕಳಿಗೆ ಒಂದು ಪೂರ್ತಿ ದಿನ ಸಾಲದು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸಯನೈಡ್ ದಿಬ್ಬಗಳನ್ನು ಮಾತ್ರ ದಯವಿಟ್ಟು ಸೆಲ್ಫಿ ಜಾಗ ಮಾಡಬೇಡಿ. ಬಿರುಗಾಳಿ ಬೀಸಿದರೆ ಆ ಪುಡಿ ಊರಿನವರ ಮೂಗಿಗೇ ಬರುತ್ತದೆ. ಮೊದಲು ಅದರ ಮೇಲೆ ಹಸಿರು ಹೊದಿಸುವ ಕೆಲಸವಾಗಲಿ. ಪ್ರವಾಸೋದ್ಯಮದ ಹೆಸರಿನಲ್ಲಿ ಲೈನ್ ಮನೆಗಳಲ್ಲಿ ವಾಸವಿರುವ ಒಂದು ಕುಟುಂಬವನ್ನೂ ಎಬ್ಬಿಸಬಾರದು. ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಅವರ ಮಕ್ಕಳಿಗೆ ಇಲ್ಲಿನ ಕೆಲಸ ಮೊದಲು ಸಿಗಬೇಕು.

ಪ್ರವಾಸೋದ್ಯಮ ಇಲಾಖೆ ಯೋಜನಾ ವರದಿ ಬರೆಸುವ ಮುನ್ನ ಚಾಂಪಿಯನ್ ರೀಫ್, ಊರಗಾಂ, ಮಾರಿಕುಪ್ಪಂ ಲೈನ್‌ಗಳಲ್ಲಿ ಹಳೆಯ ಕಾರ್ಮಿಕರ ಸಭೆ ಕರೆಯಲಿ. ನಡೆದಾಡಬಲ್ಲವರನ್ನು ತಿಂಗಳ ಸಂಬಳದ ಮೇಲೆ ಮಾರ್ಗದರ್ಶಕರಾಗಿ ನೇಮಿಸಿಕೊಳ್ಳಲಿ. ಹಾಸಿಗೆ ಹಿಡಿದವರ ಮಾತನ್ನು ಅವರ ಮನೆಗೇ ಹೋಗಿ, ಅವರು ಆಡುವ ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ ಧ್ವನಿಮುದ್ರಿಸಿಕೊಳ್ಳಲಿ. ಇದಕ್ಕೆ ನೀರು ಬತ್ತಿಸಬೇಕಿಲ್ಲ, ಈ ವರ್ಷವೇ ಶುರು ಮಾಡಬಹುದು.

— ನಿವೃತ್ತ ಶಾಲಾ ಶಿಕ್ಷಕಿ, ಬಂಗಾರಪೇಟೆ