ಆ ಪ್ರಶ್ನೆಗೆ ನಾನು ಎದ್ದುಹೋದೆ, ಮಗಳೇ

ಪುಟ್ಟಿ,

ನಾಳೆ ಬೆಳಿಗ್ಗೆ ನೀನು ಹೊರಡುತ್ತೀಯ. ಭಾನುವಾರದಿಂದ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ಎದುರು ಕೂತು ಹೇಳುವುದು ನನ್ನ ಕೈಲಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಲ್ಲಿ ಓದು.

ನಿನ್ನ ಕೆಲಸದ್ದು, ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರನ್ನು ಹುಡುಕುವ ಸರ್ವೆ ಫಾರ್ಮ್, ಅದನ್ನು ತುಂಬುವುದನ್ನು ಪ್ರಾಕ್ಟೀಸ್ ಮಾಡಬೇಕು ಅಂತ ನನ್ನನ್ನು ಕೂರಿಸಿದೆ. ವಯಸ್ಸು, ಓದು, ಮನೆಯಲ್ಲಿ ಎಷ್ಟು ಜನ, ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಕೇಳಿದೆ: ‘ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬೊಬ್ಬರೇ ಮಾತಾಡುವುದು, ಸುಮ್ಸುಮ್ನೆ ನಗುವುದು, ಯಾರೋ ಕೇಡು ಮಾಡುತ್ತಾರೆ ಅಂತ ಹೆದರುವುದು ಇದೆಯಾ?’ ನಾನು ಎದ್ದುಹೋದೆ. ಅಪ್ಪನಿಗೆ ನನ್ನ ಕೆಲಸ ಅಂದರೆ ತಾತ್ಸಾರ ಅಂದುಕೊಂಡೆ ನೀನು. ಅಲ್ಲ ಕಣೇ. ಅದೇ ಪ್ರಶ್ನೆಯನ್ನು ಬಹಳ ಹಿಂದೆ ಇನ್ನೊಬ್ಬಳು ಹುಡುಗಿ ನನ್ನನ್ನು ಕೇಳಿದ್ದಳು.

1998ರ ಬೇಸಿಗೆ. ನೀನು ಹುಟ್ಟಿರಲಿಲ್ಲ. ಮಧ್ಯಾಹ್ನ ಬಟ್ಟೆಚೀಲ ಹಾಕಿಕೊಂಡು ಬಂದಳು. ನಿನ್ನಷ್ಟೇ ವಯಸ್ಸಿರಬಹುದು. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಪಿನ್ನು ಚುಚ್ಚಿದ್ದಳು. ನೀರು ಕೇಳಿದಳು, ಕೊಟ್ಟೆ. ಚೊಂಬು ಎತ್ತಿ ಒಂದೇ ಉಸಿರಿಗೆ ಕುಡಿದು, ಫಾರ್ಮ್ ತೆಗೆದು ಆ ಪ್ರಶ್ನೆ ಕೇಳಿದಳು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ನನ್ನ ಅಕ್ಕ ನಕ್ಕಳು. ಜೋರಾಗಿ. ಆ ಕೋಣೆಗೆ ನಾವು ಹೊರಗಿನಿಂದ ಚಿಲಕ ಹಾಕಿದ್ದೆವು.

ಹುಡುಗಿ ತಲೆ ಎತ್ತಿದಳು. ‘ರೇಡಿಯೋ’ ಅಂದೆ. ‘ಅಂಥವರು ನಮ್ಮ ಮನೆಯಲ್ಲಿ ಯಾರೂ ಇಲ್ಲಮ್ಮ.’

ನಮ್ಮ ರೇಡಿಯೋ ಅವಳ ಎದುರಿಗೇ ಇತ್ತು. ಗೋಡೆಯ ಸ್ಟ್ಯಾಂಡಿನ ಮೇಲೆ, ನಿನ್ನ ಅಜ್ಜಿ ಹೆಣೆದ ಬಿಳಿ ಬಟ್ಟೆ ಹೊದ್ದುಕೊಂಡು. ಅವಳ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಏನೋ ಗುರುತು ಹಾಕಿದಳು. ‘ಬರ್ತೀನಿ ಅಣ್ಣ’ ಅಂದು ಹೋದಳು.

ಆ ಗುರುವಾರ ನಿನ್ನ ಚಿಕ್ಕತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕಾರಣ ಅಷ್ಟೇ. ಆ ಸಂಬಂಧ ಕುದುರಿತು, ಅವಳು ಸುಖವಾಗಿದ್ದಾಳೆ. ಆದರೆ ಅಕ್ಕ ಆ ಕೋಣೆಯಲ್ಲಿ ಇನ್ನೂ ಎರಡು ವರ್ಷ ಉಳಿದಳು. ಆ ಹುಡುಗಿ ರೇಡಿಯೋ ನೋಡಿದ್ದಳಾ? ನೋಡಿರಲೇಬೇಕು. ನೋಡಿಯೂ ಯಾಕೆ ಸುಮ್ಮನಾದಳು? ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ತಪ್ಪು ನನ್ನದು, ಅವಳ ಮೇಲೆ ಹಾಕುತ್ತಿಲ್ಲ. ಆದರೂ ಇಷ್ಟು ವರ್ಷ ನಾನು ಯೋಚಿಸಿರುವುದು ಇದನ್ನೇ.

ನೀನಿಲ್ಲದಾಗ ನಿನ್ನ ಪುಸ್ತಕ, ನೋಟ್ಸು ತೆಗೆದು ಓದಿದ್ದೇನೆ. ಬೈಯಬೇಡ. ವಿಶ್ವ ಆರೋಗ್ಯ ಸಂಸ್ಥೆಯವರು 1960ರ ದಶಕದ ಕೊನೆಗೆ ಆಗ್ರಾ, ತೈಪೆ, ಲಂಡನ್ನು ಅಂತ ಬೇರೆ ಬೇರೆ ಊರುಗಳಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸಿ ಇಲ್ಲದ ಭಯ ಕಾಡುವ ಕಾಯಿಲೆ, ಇರುವವರನ್ನು ಗಮನಿಸಿದರಲ್ಲ, ಅದರಲ್ಲಿ ಶ್ರೀಮಂತ ದೇಶಗಳಿಗಿಂತ ನಮ್ಮಂಥ ದೇಶಗಳಲ್ಲಿ ಜನ ಚೆನ್ನಾಗಿ ಚೇತರಿಸಿಕೊಂಡರು ಅಂತಿದೆ. ಇಲ್ಲಿ ಮನೆಯವರು ಕೈಬಿಡುವುದಿಲ್ಲ, ಅದಕ್ಕೆ ಇರಬಹುದು ಅಂದರಂತೆ. ಅದನ್ನು ಓದಿ ಮೊದಲು ಹೆಮ್ಮೆಯಾಯಿತು. ಮರುಕ್ಷಣ ಆ ಚಿಲಕ ನೆನಪಾಯಿತು. ನಾವೂ ಕೈಬಿಟ್ಟಿರಲಿಲ್ಲ, ಮೂರು ಹೊತ್ತು ಊಟ ಕೊಡುತ್ತಿದ್ದೆವು. 2008ರಲ್ಲಿ ಕೆಲವರು ಈ ಚೇತರಿಕೆಯ ಮಾತು ಅಷ್ಟು ಸರಳವಲ್ಲ ಅಂತ ಪ್ರಶ್ನೆ ಎತ್ತಿದ್ದಾರೆ. ಅವರಲ್ಲಿ ಚೆನ್ನೈನ ಮನೋವೈದ್ಯೆ ಡಾ. ಆರ್. ತಾರಾ ಕೂಡ ಒಬ್ಬರು. ಕಾಯಿಲೆ ಶುರುವಾದಾಗಿನಿಂದ 90 ಜನರ ಬೆನ್ನು ಬಿಡದೆ 25 ವರ್ಷ ವಿಚಾರಿಸಿಕೊಂಡ ತಂಡ ಅವರದು. 25 ವರ್ಷ! ನನ್ನಂಥ ಎಷ್ಟು ಅಣ್ಣತಮ್ಮಂದಿರ ಸುಳ್ಳು ಕೇಳಿರಬೇಡ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಮಾಡಿದ ಕೆಲಸದ ಬಗ್ಗೆ ಮಾತ್ರ ಎರಡು ಸಲ ಓದಿದೆ. ಹಳ್ಳಿಗಳಲ್ಲಿ ಹುಡುಕಿ, ಔಷಧಿಯೇ ಕಾಣದವರಿಗೆ ಔಷಧಿ ಕೊಡಿಸಿದರು. ಔಷಧಿ ಸಿಕ್ಕಿದವರು ದಿನದ ಕೆಲಸಕ್ಕೆ ಮರಳಿದ್ದು ಲೆಕ್ಕದಲ್ಲೇ ಕಾಣುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮಾತ್ರೆ ಶುರುವಾದ ನಾಲ್ಕನೇ ತಿಂಗಳು ಅಕ್ಕ ತಾನಾಗೇ ಅಡುಗೆಮನೆಗೆ ಬಂದು ಕಾಫಿ ಸೋಸಿದಳು. ಅಜ್ಜಿ ಒಲೆಯ ಮುಂದೆ ಕೂತು ಅತ್ತರು.

ಅಜ್ಜಿ ವಿಷಯ ಬಂತು, ಹೇಳಿಬಿಡುತ್ತೇನೆ. ಅಕ್ಕನಿಗೆ ಔಷಧಿಯಿಲ್ಲದ ಆ ಒಂಬತ್ತು ವರ್ಷ ಅವರಿಗೂ ಏನೋ ಆಗಿತ್ತು. ಎದೆ ಉರಿ, ತಲೆ ಭಾರ, ಮೈಕೈ ಸೆಳೆತ. ಬೇಜಾರು ಅಂತ ಒಂದು ದಿನವೂ ಅನ್ನಲಿಲ್ಲ. 1980ರಲ್ಲಿ ಚೀನಾದ ಹುನಾನ್‌ನಲ್ಲಿ ನರದೌರ್ಬಲ್ಯ ಅಂತ ಹೆಸರು ಹಚ್ಚಿಸಿಕೊಂಡ 100 ಜನರನ್ನು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಪರೀಕ್ಷಿಸಿದಾಗ 87 ಜನರಿಗೆ ಇದ್ದದ್ದು ಖಿನ್ನತೆ ಅಂತ ನೀನೇ ಗೆರೆ ಎಳೆದಿದ್ದೀಯ. ಆ ಪುಟ ನೋಡಿದಾಗ ಅಜ್ಜಿ ತಿಂದ ಎದೆ ಉರಿಯ ಮಾತ್ರೆಗಳೆಲ್ಲ ಕಣ್ಣಮುಂದೆ ಬಂದವು. ಅದಕ್ಕೇ ಹೇಳುತ್ತೇನೆ, ಹಳ್ಳಿಯ ಹೆಂಗಸರನ್ನು ‘ಮನಸ್ಸಿಗೆ ಬೇಜಾರಾ’ ಅಂತ ಕೇಳಬೇಡ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಎಲ್ಲಿ ನೋವು ಅಂತ ಕೇಳು. ಅತ್ತೆಯ ಮುಂದೆ ಸೊಸೆಯನ್ನು ಕೇಳಬೇಡ. ಜಗಲಿ ಮೇಲೆ ಕೂತುಕೋ, ನಿಂತು ಕೇಳಬೇಡ. ಫಾರ್ಮ್ ನೋಡಿಕೊಂಡು ಮಾತಾಡಬೇಡ. ಟೋಪಿ ಹಾಕಿಕೋ. ಸಂಜೆ ಆರರ ಮೇಲೆ ಯಾರ ಮನೆಗೂ ಹೋಗಬೇಡ.

ಇದೆಲ್ಲ ಟ್ರೈನಿಂಗ್‌ನಲ್ಲಿ ಹೇಳಿರುತ್ತಾರೆ, ಗೊತ್ತು. ಬರೆಯಬಾರದು ಅಂದುಕೊಂಡೇ ಬರೆದೆ. ನೀನು ದೊಡ್ಡ ಸಂಬಳದ ಕೆಲಸ ಬಿಟ್ಟು ಇದಕ್ಕೆ ಸೇರಿದಾಗ ಮುಖ ಗಂಟು ಹಾಕಿದ್ದೆ. ಅದು ತಪ್ಪು. ನಮ್ಮ ದೇಶದ 2015–16ರ ಸರ್ವೆಯಲ್ಲಿ ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಇಲ್ಲ ಅಂತ ಬಂದಿದೆ. ಅದು ಕೂಡ ಬಾಯಿಬಿಟ್ಟು ಹೇಳಿದವರ ಲೆಕ್ಕ ಅಲ್ವಾ? ಯಾರಾದರೂ ರೇಡಿಯೋ ಅಂದರೆ ತಕ್ಷಣ ಎದ್ದು ಬರಬೇಡ ಪುಟ್ಟಿ. ಇನ್ನೊಂದು ಲೋಟ ನೀರು ಕೇಳು.

ಭಾನುವಾರದ ಪ್ರಶ್ನೆಗೆ ಉತ್ತರ ಬರೆದುಕೋ. ಹೌದು, ಇದ್ದಾರೆ. ಒಬ್ಬರು. ಹೆಣ್ಣು. ಶುರುವಾದಾಗ ವಯಸ್ಸು 22, ಇಸವಿ 1991. ಔಷಧಿ ಶುರುವಾದದ್ದು 2000. ನಡುವಿನ ವರ್ಷಗಳಿಗೆ ಕಾರಣ ಅಂತ ಒಂದು ಕಾಲಂ ಇದ್ದರೆ, ‘ತಮ್ಮ’ ಅಂತ ಹಾಕು.

ನಿನ್ನ ದೊಡ್ಡತ್ತೆಯ ರಾತ್ರಿ ಮಾತ್ರೆ ನಾಳೆಯಿಂದ ನಾನೇ ಕೊಡುತ್ತೇನೆ. ನಿನ್ನ ಕೈಯಿಂದಲೇ ಬೇಕು ಅಂತ ಹಠ ಹಿಡಿದರೆ ಒಂಬತ್ತು ಗಂಟೆಗೆ ಫೋನ್ ಮಾಡುತ್ತೇನೆ. ಎತ್ತು.

ಅಪ್ಪ